ಶರಣ ಹೆಂಡದ ಮಾರಯ್ಯನವರ ಜೀವನ ಮತ್ತು ಕಾಯಕ

12ನೆಯ ಶತಮಾನದ ಕಲ್ಯಾಣದಲ್ಲಿ ಬಸವಾದಿ ಶರಣರು ಕಟ್ಟಿದ ಸಮಾಜವನ್ನು ನೆನೆಯುವಾಗ ನಮ್ಮ ನಾಲಗೆಯ ಮೇಲೆ ಮೊದಲು ಬರುವುದು ಅವರ ಕಾಯಕದ ಹೆಸರುಗಳು. ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ಮೇದರ ಕೇತಯ್ಯನವರು, ನುಲಿಯ ಚಂದಯ್ಯನವರು, ಒಕ್ಕಲಿಗ ಮುದ್ದಣ್ಣನವರು ಎಂದು ಹೇಳುತ್ತ ಹೋದಂತೆ ಒಂದು ಊರಿನ ಎಲ್ಲ ಬೀದಿಗಳೂ ಕಣ್ಣೆದುರು ಬಂದು ನಿಲ್ಲುತ್ತವೆ. ಈ ಸಾಲಿನಲ್ಲಿ ಒಂದು ಹೆಸರಿಗೆ ಬಂದಾಗ ಮಾತ್ರ ಹೇಳುವವರ ದನಿ ಕೊಂಚ ತಗ್ಗುವುದನ್ನು ನಾನು ಹಲವು ವೇದಿಕೆಗಳಲ್ಲಿ ಗಮನಿಸಿದ್ದೇನೆ. ಅದು ಹೆಂಡದ ಮಾರಯ್ಯನವರ ಹೆಸರು.

ಕೆಲವು ವರ್ಷಗಳ ಹಿಂದೆ ಹೊನ್ನಾಳಿಗೂ ನ್ಯಾಮತಿಗೂ ನಡುವಿನ ಒಂದು ಗ್ರಾಮದಲ್ಲಿ ಶರಣರ ಜೀವನ ಕುರಿತು ಪ್ರವಚನಮಾಲೆ ಏರ್ಪಾಟಾಗಿತ್ತು. ಒಂದೊಂದು ಸಂಜೆ ಒಬ್ಬೊಬ್ಬ ಶರಣರ ಚರಿತ್ರೆ. ಆಹ್ವಾನ ಪತ್ರಿಕೆಯ ಕರಡು ತಿದ್ದುವುದಕ್ಕೆಂದು ನನ್ನ ಕೈಗೆ ಬಂದಾಗ ಹೆಂಡದ ಎಂಬ ಪದದ ಮೇಲೆ ಗೆರೆ ಎಳೆದು, ಶರಣ ಮಾರಯ್ಯನವರು ಎಂದಷ್ಟೇ ಉಳಿಸಿದ್ದು ಕಂಡಿತು. ಮನೆಮನೆಗೆ ಹೋಗುವ, ಕೆಲವರು ದೇವರ ಜಗುಲಿಯ ಮೇಲೆಯೇ ಇಡುವ ಪತ್ರಿಕೆಯಲ್ಲಿ ಆ ಪದ ಬೇಡವೆಂಬುದು ಸಮಿತಿಯ ಹಿರಿಯರ ಅಭಿಪ್ರಾಯವಾಗಿತ್ತು. ಅವರದು ಕೆಟ್ಟ ಮನಸ್ಸಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ಅವರು ಸಾಕಷ್ಟು ಕಂಡವರು. ಆಗ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದ ವೃದ್ಧರೊಬ್ಬರು ಎದ್ದು ನಿಂತು, ಹಾಗಾದರೆ ಇವರು ಯಾವ ಮಾರಯ್ಯನವರು, ಮೋಳಿಗೆ ಮಾರಯ್ಯನವರೋ ಆಯ್ದಕ್ಕಿ ಮಾರಯ್ಯನವರೋ ಎಂದು ಮೆಲ್ಲನೆ ಕೇಳಿದರು. ಯಾರೂ ಉತ್ತರಿಸಲಿಲ್ಲ. ಆ ಹಿರಿಯರ ಮನೆತನದವರು ಅವರ ತಂದೆಯ ಕಾಲದವರೆಗೂ ಈಚಲು ಮರದಿಂದ ರಸ ಇಳಿಸುತ್ತಿದ್ದವರು ಎಂಬುದು ನನಗೆ ಆಮೇಲೆ ತಿಳಿಯಿತು. ಅವರ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಮಾರಯ್ಯನವರು ಬಸವಣ್ಣನವರ ಸಮಕಾಲೀನರು. ಸುಮಾರು 1160ರ ವೇಳೆಗೆ ಕಲ್ಯಾಣದ ಶರಣ ಸಂಕುಲದಲ್ಲಿದ್ದವರು. ಹೆಂಡ ಮಾರುವುದು ಅವರ ಕಾಯಕ. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ಅವರು ರಚಿಸಿದ 12 ವಚನಗಳು ನಮಗೆ ದೊರೆತಿವೆ. ಇಷ್ಟನ್ನು ಪರಂಪರೆ ಸ್ಪಷ್ಟವಾಗಿ ಹೇಳುತ್ತದೆ. ಅವರ ಹುಟ್ಟೂರು, ತಂದೆತಾಯಿ, ಮನೆವಾರ್ತೆ ಇವುಗಳ ಕುರಿತು ಕಥೆ ಕಟ್ಟಿ ಹೇಳುವ ಗೋಜಿಗೆ ನಾನು ಹೋಗುವುದಿಲ್ಲ. ಅರಮನೆಯ ಅರಸರಿಗೆ ಶಾಸನ ಬರೆಸುವವರಿದ್ದರು. ಹೆಂಡದ ಗಡಿಗೆ ಹೊತ್ತವರಿಗೆ ಯಾರು ಬರೆಸಿಯಾರು? ಅವರಿಗೆ ಅವರ ವಚನಗಳೇ ಶಾಸನ. ತಾಳೆಗರಿಯ ಕಟ್ಟುಗಳಲ್ಲಿ ಮಠಗಳಲ್ಲೂ ಮನೆಗಳಲ್ಲೂ ಅಡಗಿದ್ದ ವಚನಗಳನ್ನು ಊರೂರು ಅಲೆದು ಕಲೆಹಾಕಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದ ಡಾ. ಫ.ಗು. ಹಳಕಟ್ಟಿಯವರಂಥವರ ದುಡಿಮೆ ಇಲ್ಲದಿದ್ದರೆ ಇಂತಹ ಅಲ್ಪಸಂಖ್ಯೆಯ ವಚನಕಾರರ ಹೆಸರೂ ನಮಗೆ ಉಳಿಯುತ್ತಿರಲಿಲ್ಲ. ಮುಂದೆ 1993ರಲ್ಲಿ ರಾಜ್ಯ ಸರ್ಕಾರ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿದಾಗ ಬಸವಣ್ಣ, ಅಲ್ಲಮಪ್ರಭುಗಳ ಜೊತೆಗೇ ಹೆಂಡದ ಮಾರಯ್ಯನವರಿಗೂ ಅದರಲ್ಲಿ ಸ್ಥಾನ ದೊರೆಯಿತು.

ಮಾರಯ್ಯನವರ ಜೀವನವನ್ನು ಅರಿಯಬೇಕಾದರೆ ಮೊದಲು ಅವರ ಕಾಯಕವನ್ನು ಅರಿಯಬೇಕು. ಇಂದಿನ ತರುಣರಿಗೆ ಹೆಂಡವೆಂದರೆ ಬಾಟಲಿಯೊಳಗಿನ ಮದ್ಯ. ಅದು ಮರದಿಂದ ಬರುತ್ತದೆಂಬುದೇ ಅನೇಕರಿಗೆ ತಿಳಿಯದು. ನಮ್ಮ ಜಗಳೂರಿನ ಒಣಭೂಮಿಯ ಹಳ್ಳದ ದಂಡೆಗಳಲ್ಲಿ, ಚನ್ನಗಿರಿಯ ಕೆರೆಗಳ ಹಿಂಬದಿಯ ಜೌಗಿನಲ್ಲಿ, ಹೊನ್ನಾಳಿಯ ಬಳಿ ತುಂಗಭದ್ರೆಯ ತಗ್ಗುಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಈಚಲು ಮರ ನಿಂತಿರುವುದನ್ನು ದಾರಿಹೋಕರು ಕಾಣಬಹುದು. ಬಾಲ್ಯದಲ್ಲಿ ನಾವು ಅದರ ಹಣ್ಣಿಗಾಗಿ ಮುಳ್ಳು ಚುಚ್ಚಿಸಿಕೊಂಡವರೇ. ತಿರುಳು ಕಡಿಮೆ, ಬೀಜವೇ ಹೆಚ್ಚು. ಆದರೂ ಅದರ ಸಿಹಿಗೆ ಆಸೆಪಟ್ಟು ಹೋಗುತ್ತಿದ್ದೆವು. ಅದರ ಗರಿಯಿಂದ ಚಾಪೆ ಹೆಣೆದರು, ಪೊರಕೆ ಕಟ್ಟಿದರು, ಗುಡಿಸಲು ಹೊದಿಸಿದರು. ಯಾರೂ ನೀರುಣಿಸದೆ, ಗೊಬ್ಬರ ಹಾಕದೆ ತಾನಾಗಿ ಬೆಳೆದು ಬಡವರಿಗೆ ಇಷ್ಟೆಲ್ಲ ಕೊಟ್ಟ ಮರ ಅದು. ನ್ಯಾಮತಿಯಿಂದ ಪಶ್ಚಿಮಕ್ಕೆ ಮಲೆನಾಡು ಹತ್ತಿರವಾದಂತೆ ಬಗನಿ ಮರ ಆ ಸ್ಥಾನಕ್ಕೆ ಬರುತ್ತದೆ. ಕರಾವಳಿಯಲ್ಲಿ ತೆಂಗು ಮತ್ತು ತಾಳೆ.

ಮಳೆಗಾಲ ಕಳೆದು ಚಳಿ ಬೀಳತೊಡಗಿದ ಮೇಲೆ ಈಚಲು ಇಳಿಸುವ ಕೆಲಸ ಆರಂಭವಾಗುತ್ತದೆ. ಆ ವೃದ್ಧರು ಪ್ರವಚನದ ಮರುದಿನ ನನ್ನನ್ನು ಊರ ಹೊರಗಿನ ಹಳ್ಳಕ್ಕೆ ಕರೆದೊಯ್ದು ಹಳೆಯದೊಂದು ಮರವನ್ನು ತೋರಿಸಿ ವಿವರಿಸಿದಂತೆ ಇಲ್ಲಿ ಬರೆಯುತ್ತೇನೆ. ಮೊದಲು ಮರದ ತಲೆಯ ಒಂದು ಪಕ್ಕದ ಗರಿಗಳನ್ನು ಮಾತ್ರ ಸವರುತ್ತಾರೆ. ಸೊಂಟಕ್ಕೂ ಮರಕ್ಕೂ ಸುತ್ತಿದ ಹಗ್ಗದ ಆಧಾರದಲ್ಲಿ ನಿಂತು, ಸುಳಿಯ ಕೆಳಗಿನ ಎಳೆಯ ಭಾಗದ ಸಿಪ್ಪೆಯನ್ನು ಹರಿತವಾದ ಕತ್ತಿಯಿಂದ ತೆಳ್ಳಗೆ ಕೆತ್ತಿ ಕೆಲವು ದಿನ ಆರಲು ಬಿಡುತ್ತಾರೆ. ಆಮೇಲೆ ಮತ್ತೊಮ್ಮೆ ಹಗುರವಾಗಿ ಕೆತ್ತಿ, ಬಿದಿರಿನ ಸಣ್ಣ ನಳಿಗೆ ಸಿಕ್ಕಿಸಿ, ಅದರ ಬಾಯಿಗೆ ಗಡಿಗೆ ಕಟ್ಟುತ್ತಾರೆ. ಸಂಜೆ ಕಟ್ಟಿದ ಗಡಿಗೆಗೆ ರಾತ್ರಿಯಿಡೀ ಹನಿಹನಿಯಾಗಿ ರಸ ಬೀಳುತ್ತದೆ. ನಸುಕಿನಲ್ಲಿ ಮತ್ತೆ ಮರ ಹತ್ತಿ ಇಳಿಸಬೇಕು. ಎರಡು ಮೂರು ದಿನ ತೆಗೆದ ಮೇಲೆ ಅಷ್ಟೇ ದಿನ ಮರಕ್ಕೆ ಬಿಡುವು. ಒಂದು ವರ್ಷ ಒಂದು ಪಕ್ಕ ಕೆತ್ತಿದರೆ ಮರುವರ್ಷ ಎದುರು ಪಕ್ಕ. ಹೀಗೆ ವರ್ಷಕ್ಕೊಂದರಂತೆ ಎಡಬಲಕ್ಕೆ ಬಿದ್ದ ಗಾಯಗಳು ಒಣಗಿ, ಮರದ ಮೈಯಲ್ಲಿ ಅಂಕುಡೊಂಕಾದ ಮೆಟ್ಟಿಲಿನಂತೆ ಉಳಿಯುತ್ತವೆ. ಆ ಹಿರಿಯರು ಮೆಟ್ಟಿಲು ಎಣಿಸಿ, ಈ ಮರವನ್ನು ಇಷ್ಟು ವರ್ಷ ಇಳಿಸಿದ್ದರೆಂದು ಹೇಳಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಮಾವು, ಹುಣಿಸೆಗಳಂತೆ ಈಚಲಿಗೆ ಕೊಂಬೆಗಳಿಲ್ಲ. ಅದಕ್ಕಿರುವುದು ತುದಿಯಲ್ಲಿ ಒಂದೇ ಸುಳಿ. ಆಸೆಗೆ ಬಿದ್ದು ಕತ್ತಿಯನ್ನು ಕೊಂಚ ಆಳಕ್ಕೆ ಇಳಿಸಿ ಆ ಸುಳಿಗೆ ಪೆಟ್ಟು ತಗಲಿದರೆ ಮರ ಮತ್ತೆ ಚಿಗುರುವುದಿಲ್ಲ, ನಿಂತಲ್ಲೇ ಒಣಗುತ್ತದೆ. ಆದುದರಿಂದ ಇದು ಕೇವಲ ತೋಳಿನ ಬಲದ ಕೆಲಸವಲ್ಲ. ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಅರಿವು ಕತ್ತಿಯ ತುದಿಯಲ್ಲಿರಬೇಕು. ಈ ಕಸುಬಿನವರನ್ನು ಈಡಿಗರೆಂದು ಕರೆಯುವುದುಂಟು. ಮರದಿಂದ ರಸ ಇಳಿಸುವುದು ಎಂಬ ಅರ್ಥದ ಈಡು ಎಂಬ ಪದವೇ ಆ ಹೆಸರಿಗೆ ಮೂಲವೆಂದು ತಿಳಿದವರು ಹೇಳುತ್ತಾರೆ.

ನಸುಕಿನಲ್ಲಿ ಇಳಿಸಿದ ಆ ರಸ ಹೆಂಡವಲ್ಲ. ಅದು ತಿಳಿಯಾದ, ತಂಪಾದ, ಎಳನೀರಿಗಿಂತ ಸಿಹಿಯಾದ ಪಾನೀಯ. ನೂರು ಪಾಲಿನಲ್ಲಿ ಸುಮಾರು 10 ಪಾಲು ಸಕ್ಕರೆಯ ಅಂಶ ಅದರಲ್ಲಿರುತ್ತದೆ. ಇಂದು ನಾವು ಅದನ್ನು ನೀರಾ ಎನ್ನುತ್ತೇವೆ. ಹಳಬರು ಸಿಹಿ ಹೆಂಡ ಎನ್ನುತ್ತಿದ್ದರು. ಮಕ್ಕಳಿದ್ದಾಗ ಮರದ ಬುಡದಲ್ಲಿ ನಿಂತು ಬೊಗಸೆಯೊಡ್ಡಿ ಕುಡಿದ ಅದರ ರುಚಿಯನ್ನು ಆ ವೃದ್ಧರು ಹೇಳುವಾಗ ಅವರ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಅದೇ ರಸವನ್ನು ಕೂಡಲೇ ಒಲೆಯ ಮೇಲಿಟ್ಟು ಕಾಯಿಸಿದರೆ ಜೋನಿಯಾಗುತ್ತದೆ, ಇನ್ನೂ ಕಾಯಿಸಿದರೆ ಬೆಲ್ಲವಾಗುತ್ತದೆ. ಬಂಗಾಳದಲ್ಲಿ ಚಳಿಗಾಲ ಬಂತೆಂದರೆ ಈಚಲ ಬೆಲ್ಲದ ಸಿಹಿತಿಂಡಿಗಾಗಿ ಜನ ಕಾದು ಕುಳಿತಿರುತ್ತಾರೆ. ಅಲ್ಲಿ ಆ ಮರ ಹಬ್ಬದ ಮರ. ದೂರದ ಕೆನಡಾ ದೇಶದಲ್ಲಿ ಮೇಪಲ್ ಎಂಬ ಮರದ ಕಾಂಡಕ್ಕೆ ಸಣ್ಣ ರಂಧ್ರ ಕೊರೆದು, ಬಸಿದ ರಸವನ್ನು ಸುಮಾರು 40 ಲೀಟರ್‌ಗೆ 1 ಲೀಟರ್ ಆಗುವಷ್ಟು ಕುದಿಸಿ ಪಾಕ ಮಾಡುತ್ತಾರೆ. ಅದನ್ನು ತಮ್ಮ ನಾಡಿನ ಹೆಮ್ಮೆಯೆಂದು ತಿಳಿದು ಅದರ ಎಲೆಯನ್ನು ರಾಷ್ಟ್ರಧ್ವಜದ ಮೇಲೇ ಇರಿಸಿಕೊಂಡಿದ್ದಾರೆ. ನಮ್ಮ ಈಚಲಿನ ರಸ ಅದಕ್ಕಿಂತ ಎಷ್ಟೋ ಪಾಲು ಸಿಹಿ. ಆದರೂ ನಮ್ಮಲ್ಲಿ ಆ ಮರದ ಹೆಸರೆತ್ತಿದರೆ ಮೂಗು ಮುರಿಯುತ್ತೇವೆ.

ಕಾರಣ ಸ್ಪಷ್ಟ. ನಸುಕಿನ ಸಿಹಿ ಬಹಳ ಹೊತ್ತು ನಿಲ್ಲುವುದಿಲ್ಲ. ಗಾಳಿಯಲ್ಲಿಯೂ ಹಳೆಯ ಗಡಿಗೆಯ ಮೈಯಲ್ಲಿಯೂ ಇರುವ ಕಣ್ಣಿಗೆ ಕಾಣದ ಜೀವಾಣುಗಳು ಸಕ್ಕರೆಯನ್ನು ಹುಳಿಯಿಸತೊಡಗುತ್ತವೆ. ಬಿಸಿಲೇರಿದಂತೆ ನೊರೆ ಏಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಅಮಲು ಸೇರುತ್ತದೆ, ಸಂಜೆಗೆ ಅದು ಹೆಂಡ. ಇದನ್ನು ತಡೆಯುವ ಉಪಾಯವೂ ಹಳಬರಿಗೆ ಗೊತ್ತಿತ್ತು; ಗಡಿಗೆಯ ಒಳಮೈಗೆ ಸುಣ್ಣ ಬಳಿದರೆ ರಸ ಹುಳಿಯುವುದು ತಡವಾಗುತ್ತದೆ. ಸುಣ್ಣ ಬಳಿದ ಗಡಿಗೆ ಬೆಲ್ಲದ ಕಡೆಗೆ, ಬಳಿಯದ ಗಡಿಗೆ ಅಮಲಿನ ಕಡೆಗೆ. ಮರ ಒಂದೇ, ಹತ್ತುವವನೂ ಒಬ್ಬನೇ. ಬೆಲ್ಲಕ್ಕೆ ಕಟ್ಟಿಗೆ ಬೇಕು, ದಿನವಿಡೀ ಒಲೆಯ ಮುಂದೆ ಕೂರಬೇಕು, ಕೊಳ್ಳುವವರು ಚೌಕಾಸಿ ಮಾಡುತ್ತಾರೆ. ಹೆಂಡಕ್ಕೆ ಏನೂ ಬೇಡ. ಸುಮ್ಮನೆ ಇಟ್ಟರೆ ಸಾಕು, ಕೊಳ್ಳುವವನು ತಾನೇ ಹುಡುಕಿಕೊಂಡು ಬರುತ್ತಾನೆ. ಬಡವನಾದ ಕಸುಬುದಾರ ಯಾವ ದಾರಿ ಹಿಡಿದಾನೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮಾರಯ್ಯನವರು ನಿಂತಿದ್ದದ್ದು ಇಂತಹ ಸಂಜೆಯ ಗಡಿಗೆಯ ಮುಂದೆ. ಹಗಲೆಲ್ಲ ಹೊಲದಲ್ಲಿ ದುಡಿದವನು, ಕಲ್ಲು ಹೊತ್ತವನು, ಸಾಲದ ಚಿಂತೆಯವನು ಎಲ್ಲರೂ ದಣಿವು ಮರೆಯಲೆಂದು ಅವರ ಮುಂದೆ ಬಂದು ಕೂರುತ್ತಿದ್ದವರೇ. ಕುಡಿದವನು ಮೊದಲು ನಗುತ್ತಾನೆ, ಆಮೇಲೆ ಅಳುತ್ತಾನೆ, ಕೊನೆಗೆ ಮನೆಗೆ ಹೋಗಿ ಹೆಂಡತಿಮಕ್ಕಳ ಮೇಲೆ ಕೈಮಾಡುತ್ತಾನೆ. ಊರಿನ ಈ ನೋವನ್ನು ವೈದ್ಯನಿಗಿಂತಲೂ ಪುರೋಹಿತನಿಗಿಂತಲೂ ಹತ್ತಿರದಿಂದ ಕಾಣುವವನು ಹೆಂಡ ಮಾರುವವನೇ. ಆದರೆ ಕಾಣುವ ಕಣ್ಣು ಎಲ್ಲ ಮಾರಾಟಗಾರರಿಗೂ ಇರುವುದಿಲ್ಲ. ಬಸವಣ್ಣನವರು ಹೊತ್ತಿಸಿದ ಅರಿವಿನ ಬೆಳಕು ಮಾರಯ್ಯನವರನ್ನು ತಲುಪಿದ ಮೇಲೆ ಅವರಿಗೆ ಆ ಕಣ್ಣು ಬಂದಿತು. ಕುಲ, ಕಸುಬು ಯಾವುದನ್ನೂ ಕೇಳದೆ ಇಷ್ಟಲಿಂಗ ನೀಡಿ ಅಪ್ಪಿಕೊಂಡ ಶರಣ ಸಮುದಾಯ ಹೆಂಡದ ಗಡಿಗೆಯ ವಾಸನೆಯನ್ನೂ ಲೆಕ್ಕಿಸದೆ ಅವರನ್ನು ಒಳಗೆ ಬಿಟ್ಟುಕೊಂಡಿತು.

ಆಮೇಲೆ ಅವರು ಏನು ಮಾಡಿದರು? ಪರಂಪರೆ ಹೇಳುವುದು ಇಷ್ಟು: ಹೆಂಡ ಕೊಳ್ಳಲು ಬಂದವರನ್ನೇ ಕೂರಿಸಿಕೊಂಡು ಕುಡಿತದಿಂದಾಗುವ ಕೇಡನ್ನು ಮನಮುಟ್ಟುವಂತೆ ತಿಳಿಹೇಳಿ, ಅವರು ಕುಡಿತ ಬಿಟ್ಟು ಸನ್ಮಾರ್ಗಕ್ಕೆ ಬರುವಂತೆ ಮಾಡುತ್ತಿದ್ದರು. ಸುಲಭವಾಗಿ ಓದಿಬಿಡುವ ಮಾತು ಇದು. ಸ್ವಲ್ಪ ನಿಂತು ಯೋಚಿಸಿದರೆ ಅದರ ಭಾರ ತಿಳಿಯುತ್ತದೆ. ಪ್ರತಿ ಗಿರಾಕಿಯನ್ನು ತಿದ್ದಿದಂತೆ ಅವರ ಅಂದಿನ ಗಳಿಕೆ ಕಡಿಮೆಯಾಗಿರಲೇಬೇಕು. ಬೇರೆಯವರ ದುಶ್ಚಟದ ವಿರುದ್ಧ ವೇದಿಕೆಯ ಮೇಲೆ ಮಾತನಾಡುವುದು ನಮಗೆಲ್ಲ ಬರುತ್ತದೆ, ಅದಕ್ಕೆ ಖರ್ಚಿಲ್ಲ. ತನ್ನ ಹೊಟ್ಟೆಗೆ ಆಧಾರವಾದ ಮಾರಾಟವನ್ನು ತನ್ನ ಮಾತಿನಿಂದಲೇ ಕುಗ್ಗಿಸಿಕೊಳ್ಳುವುದು ಬೇರೆಯೇ ಬಗೆಯ ವ್ರತ.

ಇಲ್ಲಿ ಭಕ್ತರು ಸಹಜವಾಗಿ ಕೇಳುವ ಪ್ರಶ್ನೆಯೊಂದಿದೆ. ಕಾಯಕವೆಂದರೆ ಪರರಿಗೆ ಕೇಡಾಗದ, ಸತ್ಯಶುದ್ಧವಾದ ದುಡಿಮೆ ಎಂದು ಶರಣರು ಹೇಳಿದರಲ್ಲವೇ. ಹೆಂಡ ಮಾರುವುದು ಕಾಯಕ ಹೇಗಾದೀತು? ಈ ಪ್ರಶ್ನೆಗೆ ಮೂರು ಉತ್ತರಗಳನ್ನು ನಾನು ಕೇಳಿದ್ದೇನೆ. ಶರಣರಾದ ಕೂಡಲೇ ಅವರು ಆ ಕಸುಬು ತೊರೆದರು, ಹೆಸರು ಮಾತ್ರ ಉಳಿಯಿತು ಎಂಬುದು ಒಂದು. ಕಸುಬನ್ನು ಬಿಡದೆ, ಅದನ್ನೇ ಕುಡುಕರನ್ನು ತಲುಪುವ ದಾರಿಯನ್ನಾಗಿ ಮಾಡಿಕೊಂಡರು ಎಂಬುದು ಇನ್ನೊಂದು. ಹೆಂಡವೆಂಬುದು ವಚನದಲ್ಲಿ ಬಂದ ಬರಿಯ ರೂಪಕ, ಅವರು ನಿಜಕ್ಕೂ ಮಾರುತ್ತಿರಲಿಲ್ಲ ಎಂಬುದು ಮೂರನೆಯದು. ಈ ಮೂರನೆಯ ಉತ್ತರ ನನಗೆ ಒಪ್ಪಿಗೆಯಿಲ್ಲ. ಅದರಲ್ಲಿ ಗೌರವಕ್ಕಿಂತ ನಾಚಿಕೆಯೇ ಹೆಚ್ಚಾಗಿ ಕಾಣುತ್ತದೆ. ಸುಂಕ ವಸೂಲಿ ಮಾಡುತ್ತಿದ್ದ ಸುಂಕದ ಬಂಕಣ್ಣನವರು, ಕನ್ನ ಕೊರೆಯುತ್ತಿದ್ದ ಕನ್ನದ ಮಾರಿತಂದೆಯವರು, ಸೂಳೆ ಸಂಕವ್ವೆಯವರು ಇವರೆಲ್ಲರೂ ಶರಣ ಸಮುದಾಯದಲ್ಲಿದ್ದವರು. ಅವರ ಹಳೆಯ ಬದುಕನ್ನು ಹೇಳುವ ಪದವನ್ನು ಯಾರೂ ಅಳಿಸಲಿಲ್ಲ. ಒಬ್ಬ ಮನುಷ್ಯ ಎಲ್ಲಿಂದ ಹೊರಟು ಎಲ್ಲಿಗೆ ಬಂದನೆಂಬುದಕ್ಕೆ ಆ ಪದವೇ ಸಾಕ್ಷಿ. ಹೊರಟ ಊರಿನ ಹೆಸರನ್ನು ಅಳಿಸಿಬಿಟ್ಟರೆ ಪಯಣದ ಉದ್ದ ತಿಳಿಯುವುದಾದರೂ ಹೇಗೆ? ಮೊದಲೆರಡು ಉತ್ತರಗಳಲ್ಲಿ ಎರಡನೆಯದೇ ಪರಂಪರೆಯ ಮಾತಿಗೆ ಹತ್ತಿರವಾದುದು. ಅಂಗಡಿ ಮುಚ್ಚಿದ್ದರೆ ಕುಡುಕ ಇನ್ನೊಂದು ಅಂಗಡಿಗೆ ಹೋಗುತ್ತಿದ್ದ, ಅಲ್ಲಿ ಬುದ್ಧಿ ಹೇಳುವವರು ಇರುತ್ತಿರಲಿಲ್ಲ.

ಅವರ 12 ವಚನಗಳಿಗೆ ಬಂದರೆ, ಅಲ್ಲಿ ಕಸುಬಿನ ಮಾತೇ ಅನುಭಾವದ ಮಾತಾಗಿರುವುದು ಮೊದಲ ಓದಿಗೇ ಗೋಚರಿಸುತ್ತದೆ. ಒಂದು ವಚನದಲ್ಲಿ ಅವರು ತಾವು ಮಾರಲು ತಂದ ಅಮೃತಕ್ಕೆ ಕೊಳ್ಳುವವರೇ ಇಲ್ಲವೆಂದು ಹೇಳಿಕೊಳ್ಳುತ್ತಾರೆ. ಹೊರಗೆ ಪಾತ್ರೆಯಿದೆ, ಒಳಗೆ ಇಂದ್ರಿಯವಿದೆ. ಉಂಡೂ ಕಂಡೂ ದಣಿದ ಮೇಲೆ ಸಂದೇಹ ಕಳೆದು, ಆನಂದವನ್ನು ಅಪ್ಪಿ ಕಣ್ಣು ಮುಚ್ಚಿ ತೆರೆದಾಗ ತಮ್ಮ ಇಷ್ಟದೈವ ಕಾಣಿಸಿತೆಂಬುದು ಅದರ ಸಾರ. ಈ ವಚನವನ್ನು ಓದುವಾಗಲೆಲ್ಲ ನನಗೆ ಮಾರುಕಟ್ಟೆಯ ಮೂಲೆಯಲ್ಲಿ ಗಡಿಗೆಯೊಂದಿಗೆ ಒಬ್ಬರೇ ಕುಳಿತ ಮಾರಯ್ಯನವರು ಕಾಣುತ್ತಾರೆ. ಅಮಲಿನ ಗಡಿಗೆಗೆ ನೂಕುನುಗ್ಗಲು. ಅರಿವಿನ ಗಡಿಗೆಯ ಮುಂದೆ ಯಾರೂ ಇಲ್ಲ. ಎರಡನ್ನೂ ಒಂದೇ ಕೈಯಿಂದ ನೀಡಿದವರಿಗೆ ಮಾತ್ರ ಇಂತಹ ವಚನ ಬರೆಯಲು ಸಾಧ್ಯ. ಕುಡುಕನಿಗೂ ಬೇಕಾದದ್ದು ತನ್ನನ್ನು ತಾನು ಮರೆಯುವ ಒಂದು ಗಳಿಗೆ, ಅನುಭಾವಿಗೂ ಬೇಕಾದದ್ದು ನಾನೆಂಬುದು ಕರಗುವ ಗಳಿಗೆ. ಮೊದಲನೆಯದು ಬೆಳಗಾಗುತ್ತಲೇ ತಲೆನೋವಾಗಿ ಉಳಿಯುತ್ತದೆ. ಈ ಸಾಮ್ಯವನ್ನೂ ಈ ವ್ಯತ್ಯಾಸವನ್ನೂ ಮಾರಯ್ಯನವರು ಗಿರಾಕಿಗಳ ಮುಖದಲ್ಲಿಯೇ ಓದಿದ್ದರೆಂದು ನಾನು ತಿಳಿದಿದ್ದೇನೆ.

1167ರ ಸುಮಾರಿಗೆ ಕಲ್ಯಾಣದಲ್ಲಿ ಕ್ರಾಂತಿಯಾಯಿತು, ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕುದಿಕ್ಕಿಗೆ ಚದುರಿದರು. ಆ ಗದ್ದಲದಲ್ಲಿ ಮಾರಯ್ಯನವರ ಹೆಜ್ಜೆಗಳೂ ಚರಿತ್ರೆಯ ಕಣ್ಣಿಗೆ ಮರೆಯಾಗುತ್ತವೆ. ಅವರ ವಚನಗಳು ಮಾತ್ರ ಯಾರದೋ ಕಂಕುಳಲ್ಲಿ ಯಾರದೋ ಕಟ್ಟಿನೊಳಗೆ ಉಳಿದು ಬಂದವು.

ಅವರು ಎದುರಿಸಿದ ಪ್ರಶ್ನೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಸುಮಾರು ಎಂಟು ಶತಮಾನಗಳ ಅನಂತರ ಅದು ನಮ್ಮ ಮನೆಯಂಗಳಕ್ಕೇ ಬಂದಿತು. ಆ ವೇಳೆಗೆ ಹೆಂಡ ಸರ್ಕಾರದ ವರಮಾನದ ಬಾಬತ್ತಾಗಿತ್ತು. ಅಬಕಾರಿ ಗುತ್ತಿಗೆದಾರರು ಹರಾಜು ಕೂಗಿ ಈಚಲು ಬನಗಳನ್ನು ಹಿಡಿಯುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಸ್ವಾತಂತ್ರ್ಯದ ಚಳವಳಿ ಬಲಗೊಂಡಾಗ ಪಾನನಿರೋಧವೂ ಅದರ ಭಾಗವಾಯಿತು. 1939ರಲ್ಲಿ ಜಗಳೂರಿಗೆ ಅಷ್ಟೇನೂ ದೂರವಲ್ಲದ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಜನರು ಕಾನೂನು ಮುರಿದು ಈಚಲು ಮರಗಳನ್ನು ಕಡಿದುರುಳಿಸಿದರು. ಆಗ ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಆ ಸತ್ಯಾಗ್ರಹದಲ್ಲಿ ಪಾಲ್ಗೊಂಡು ಸೆರೆಮನೆ ಸೇರಿದರು, ವಕೀಲಿಯ ಸನದನ್ನೂ ಕಳೆದುಕೊಂಡರು. ಅವರ ತ್ಯಾಗವನ್ನೂ ಆ ಊರಿನ ಜನರ ಧೈರ್ಯವನ್ನೂ ನಾವು ಕೃತಜ್ಞತೆಯಿಂದ ನೆನೆಯಬೇಕು. ಜಗಳೂರು ಆಗ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಇತ್ತ ಬಂದಿತು. ಆದುದರಿಂದ ಆ ಹೋರಾಟ ನಮ್ಮದೂ ಹೌದು.

ಆದರೂ ಒಂದು ಮಾತು ಹೇಳದಿರಲಾರೆ. ಅಂದು ಉರುಳಿದ ಮರಗಳು ಏನು ತಪ್ಪು ಮಾಡಿದ್ದವು? ಅದೇ ಕಾಲದಲ್ಲಿ ಗಾಂಧೀಜಿಯವರು 1934ರಲ್ಲಿ ಆರಂಭಿಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಮೂಲಕ ತಾಳೆ, ಈಚಲು ಮರಗಳ ಸಿಹಿರಸದಿಂದ ಬೆಲ್ಲ ಮಾಡುವ ಕಸುಬನ್ನು ಬೆಳೆಸಲು ಯತ್ನಿಸುತ್ತಿದ್ದರು. ಕುಡಿತವೂ ನಿಲ್ಲಬೇಕು, ಮರ ಹತ್ತುವವನ ಅನ್ನವೂ ಹೋಗಬಾರದು ಎಂಬುದು ಅವರ ಆಲೋಚನೆಯಾಗಿತ್ತು. ಸುಣ್ಣ ಬಳಿದ ಗಡಿಗೆಯ ದಾರಿ ಅದು. ನಮ್ಮ ಭಾಗದಲ್ಲಿ ಆ ದಾರಿಯಲ್ಲಿ ನಡೆದವರು ಕಡಿಮೆ. ಕಡಿಯುವುದು ಒಂದು ದಿನದ ಕೆಲಸ, ಬೆಲ್ಲದ ಒಲೆ ಹೊತ್ತಿಸಿ ಅದಕ್ಕೆ ಸಂತೆ ಹುಡುಕುವುದು ವರ್ಷಗಳ ಕೆಲಸ.

ಮುಂದಿನದು ನಮ್ಮ ಕಣ್ಣೆದುರೇ ನಡೆದದ್ದು. 2004ರಲ್ಲಿ ರಾಜ್ಯದಲ್ಲಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಹೊರತಾಗಿ ಸೇಂದಿಯ ಇಳಿಸುವಿಕೆ ಮತ್ತು ಮಾರಾಟ ನಿಂತಿತು. 2007ರಲ್ಲಿ ಸಾರಾಯಿಯೂ ನಿಷೇಧವಾಯಿತು. ಕುಡಿತವೇನಾದರೂ ನಿಂತಿತೇ ಎಂದರೆ ಪ್ರತಿ ಊರಿನ ತಾಯಂದಿರನ್ನೇ ಕೇಳಬೇಕು. ಮರದ ಹೆಂಡದಲ್ಲಿ ನೂರಕ್ಕೆ ನಾಲ್ಕೈದು ಪಾಲು ಅಮಲಿದ್ದರೆ ಅದರ ಜಾಗಕ್ಕೆ ಬಂದ ಬಾಟಲಿಯಲ್ಲಿ 40 ಪಾಲಿಗೂ ಮಿಕ್ಕಿದ ಅಮಲು. ಹೆಂಡವೇ ಒಳ್ಳೆಯದಿತ್ತೆಂದು ನಾನು ವಾದಿಸುತ್ತಿಲ್ಲ, ಅಮಲು ಅಮಲೇ. ಆದರೆ ಮರ ಹತ್ತುವ ಕುಟುಂಬಗಳು ಕೂಲಿಗಿಳಿದವು, ಈಚಲು ಬನಗಳು ಹೇಳಕೇಳುವವರಿಲ್ಲದೆ ಕರಗಿದವು, ಚನ್ನಗಿರಿಯ ಕಡೆ ಹಳ್ಳದ ದಂಡೆಯವರೆಗೂ ಅಡಿಕೆ ತೋಟ ಬಂದಿತು. ಲಾಭ ಮಾತ್ರ ಹಳ್ಳಿಯ ಹಳ್ಳದಿಂದ ಹೊರಟು ದೂರದ ಕಾರ್ಖಾನೆ ಸೇರಿತು. ಇತ್ತೀಚಿನ ವರ್ಷಗಳಲ್ಲಿ ತೆಂಗಿನ ಮರದಿಂದ ನೀರಾ ಇಳಿಸಲು ಸರ್ಕಾರ ಅನುಮತಿ ನೀಡಿರುವುದು ಸಂತೋಷದ ವಿಷಯ. ಹೊಂಬಾಳೆಯನ್ನು ಕಟ್ಟಿ, ತುದಿ ಸವರಿ, ಮಂಜುಗಡ್ಡೆಯಿಟ್ಟ ಪೆಟ್ಟಿಗೆಯಲ್ಲಿ ರಸ ಹಿಡಿದರೆ ಹುಳಿಯದೆ ಸಿಹಿಯಾಗಿಯೇ ಉಳಿಯುತ್ತದೆ. ಸುಣ್ಣದ ಗಡಿಗೆ ಮಾಡುತ್ತಿದ್ದ ಕೆಲಸವನ್ನು ಈಗ ತಂಪು ಮಾಡುತ್ತಿದೆ. ಈಚಲಿಗೂ ಅಂತಹ ದಿನ ಬರಲೆಂದು ಆ ವೃದ್ಧರು ಹಳ್ಳದ ದಂಡೆಯಲ್ಲಿ ನಿಂತು ಆಸೆಪಟ್ಟರು. ಅಷ್ಟರಲ್ಲಿ ಮರ ಹತ್ತಲು ಬಲ್ಲವರು ಉಳಿದಿರುತ್ತಾರೆಯೇ ಎಂಬ ಸಂದೇಹವನ್ನೂ ಅವರೇ ಸೇರಿಸಿದರು.

ಆಹ್ವಾನ ಪತ್ರಿಕೆಯ ವಿಷಯವನ್ನು ಅಂದೇ ಪೂಜ್ಯರ ಗಮನಕ್ಕೆ ತಂದೆವು. ಪೂಜ್ಯರು ಕರಡನ್ನು ಒಮ್ಮೆ ನೋಡಿ, ಗೆರೆ ಎಳೆದ ಪದದ ಕೆಳಗೆ ಚುಕ್ಕಿಗಳನ್ನಿಟ್ಟು ಅದನ್ನು ಹಾಗೆಯೇ ಉಳಿಸುವಂತೆ ಸೂಚಿಸಿ ನನ್ನ ಕೈಗೆ ಮರಳಿಸಿದರು. ಶರಣ ಹೆಂಡದ ಮಾರಯ್ಯನವರು ಎಂದೇ ಪತ್ರಿಕೆ ಅಚ್ಚಾಯಿತು. ಮೊದಲು ಆಕ್ಷೇಪಿಸಿದ್ದ ಹಿರಿಯರೇ ಅದನ್ನು ಮನೆಮನೆಗೆ ಹಂಚಿದರು. ಆ ಸಂಜೆಯ ಪ್ರವಚನಕ್ಕೆ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ಹೆಸರಿನ ಕುತೂಹಲವೂ ಕೆಲವರನ್ನು ಕರೆತಂದಿದ್ದೀತು. ಮರ ಹತ್ತುತ್ತಿದ್ದ ಮನೆತನದ ಆ ವೃದ್ಧರನ್ನು ಮುಂದಿನ ಸಾಲಿಗೆ ಕರೆದು ಕೂರಿಸಿ, ವಿಭೂತಿ ಧರಿಸಿ, ಶಾಲು ಹೊದಿಸಲಾಯಿತು. ಪ್ರವಚನ ಮುಗಿದ ಮೇಲೆ ದಾಸೋಹದಲ್ಲಿ ಪಾನಕ ಕೊಟ್ಟರು. ಈಚಲ ಬೆಲ್ಲ ಎಲ್ಲಿಯೂ ದೊರೆಯಲಿಲ್ಲ, ಕಬ್ಬಿನ ಬೆಲ್ಲದ್ದೇ. ಅವರು ಎರಡು ಲೋಟ ಕುಡಿದು, ಸಿಹಿ ಸ್ವಲ್ಪ ಕಡಿಮೆಯಾಯಿತೆಂದು ನಗುತ್ತ ಹೇಳಿದರು.